ಆಮೆಗೆ ಅಮ್ಮ ಬಂದಾಗ

ಆಮೆಗೆ ಅಮ್ಮ ಬಂದಿದ್ದ ಮನೆ ಇಡೀ ಬೈಲಹೊಂಗಲದಲ್ಲಿ ನಮ್ಮದೊಂದೇ ಇರಬೇಕು. ಮಕ್ಕಳಿಗೆ ಬರುತ್ತದೆ, ದೊಡ್ಡವರಿಗೂ ಬರುತ್ತದೆ. ಮೈಮೇಲೆ ಗುಳ್ಳೆ ಏಳುತ್ತವೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಅಡುಗೆಮನೆಯಲ್ಲಿ ಒಗ್ಗರಣೆ ಬಂದ್ ಆಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ, ಅಂಗೈಯಗಲದ ಆಮೆಗೆ ಅಮ್ಮ ಬಂದಳೆಂದು ಮನೆಯ ಸೊಸೆಯನ್ನು ಹೊಸ್ತಿಲೊಳಗೆ ಕೂಡಿಹಾಕಿದ್ದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಆ ಸೊಸೆ ನಾನೇ. ಆಗ ನನಗೆ ನಗು ಬಂದಿರಲಿಲ್ಲ. ಈಗ ಅರ್ಧ ನಗು ಬರುತ್ತದೆ, ಉಳಿದರ್ಧ ಸಿಟ್ಟು ಹಾಗೇ ಇದೆ.

ನಮ್ಮದು ದಲಾಲಿ ಅಂಗಡಿಯ ಮನೆತನ. ರೈತರು ತಂದ ಹತ್ತಿ, ಶೇಂಗಾ, ಸೋಯಾಬೀನನ್ನು ಮಾರಿಸಿಕೊಡುವ ಕೆಲಸ. ಮೂರು ವರ್ಷದ ಹಿಂದೆ ವ್ಯಾಪಾರ ಸ್ವಲ್ಪ ಕುಂಟಿತು. ನನ್ನ ಗಂಡ ಅಂಗಡಿಯಲ್ಲಿ ಏನು ತಪ್ಪಿದೆ ಎಂದು ನೋಡುವುದು ಬಿಟ್ಟು, ಮನೆಯಲ್ಲಿ ಏನು ತಪ್ಪಿದೆ ಎಂದು ನೋಡಲು ಹುಬ್ಬಳ್ಳಿಯಿಂದ ಒಬ್ಬ ವಾಸ್ತು ಪಂಡಿತನನ್ನು ಕರೆತಂದರು. ಆತ ದಿಕ್ಸೂಚಿ ಹಿಡಿದು ಬಚ್ಚಲಮನೆಯವರೆಗೂ ಓಡಾಡಿ, ಉತ್ತರ ದಿಕ್ಕು ಖಾಲಿ ಹೊಡೆಯುತ್ತಿದೆ, ಅಲ್ಲೊಂದು ಆಮೆ ಇರಲಿ ಎಂದ. ಹಿತ್ತಾಳೆಯದಾದರೂ ನಡೆಯುತ್ತದೆ, ಜೀವಂತವಿದ್ದರೆ ಇನ್ನೂ ಉತ್ತಮ, ಆದರೆ ಅನ್ನ ನೀರು ಮಾತ್ರ ಮನೆಯ ಗೃಹಿಣಿಯ ಕೈಯಿಂದಲೇ ಆಗಬೇಕು ಎಂದ. ಹೇಳಲು ಅವನಿಗೆ ಅರ್ಧ ನಿಮಿಷ ಹಿಡಿಯಿತು. ಗೃಹಿಣಿ ಎನ್ನುವಾಗ ನಮ್ಮತ್ತೆ ನನ್ನ ಕಡೆ ನೋಡಿದರು, ನನ್ನ ಗಂಡನೂ ನನ್ನ ಕಡೆ ನೋಡಿದರು. ನನ್ನ ಹಿಂದೆ ಇನ್ಯಾರೂ ಇರಲಿಲ್ಲ.

ಮುಂದಿನ ವಾರವೇ ಬೆಳಗಾವಿಯಿಂದ ಆಮೆ ಬಂತು. ಕಣ್ಣಿನ ಹಿಂದೆ ಕುಂಕುಮ ಎಳೆದ ಹಾಗೆ ಕೆಂಪು ಪಟ್ಟಿ, ಹಸಿರು ಬೆನ್ನು, ಹೊಟ್ಟೆಯಡಿ ಹಳದಿ. ನೋಡಲು ಚಂದವೇ ಇತ್ತು, ಅದರ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಆದರೆ ಮೊಬೈಲಿನಲ್ಲಿ ಹುಡುಕಿ ನೋಡಿದಾಗ ಇಂಥ ಆಮೆ ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುತ್ತದೆ ಎಂದು ತಿಳಿಯಿತು. ನಾನು ಮೊಬೈಲನ್ನು ಬೋರಲು ಹಾಕಿದೆ. ನಮ್ಮತ್ತೆ ಹೋಗಬಹುದು, ನಾನೂ ಮುದುಕಿಯಾಗಬಹುದು, ಆಗಲೂ ಬೆಳಗಾದರೆ ಈ ಪೆಟ್ಟಿಗೆಯ ನೀರು ಬದಲಿಸುತ್ತಿರುತ್ತೇನೆ ಎಂದು ಹೊಳೆಯಿತು.

ಮದುವೆಗೆ ಮೊದಲು ನಾನು ತವರುಮನೆ ಮುನವಳ್ಳಿಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಮದುವೆಯಾಯಿತು, ಮಗಳು ಹುಟ್ಟಿದಳು, ಕಲಿಸುವುದು ನಿಂತಿತು. ಯಾರೂ ಬಿಡು ಎನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಮಗಳು ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ಹೊತ್ತು ಹೋಗದೆ ನನ್ನ ಹಳೆಯ ಸರ್ಟಿಫಿಕೇಟುಗಳನ್ನು ಹೊರತೆಗೆದಿದ್ದೆ. ಸವದತ್ತಿ, ಕಿತ್ತೂರು, ರಾಮದುರ್ಗ, ಎಲ್ಲಿ ಪಿಯು ಕಾಲೇಜಿದೆಯೋ ಅಲ್ಲೆಲ್ಲ ವಿಚಾರಿಸಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಆಮೆ ಬಂತು. ಅಂದಿನಿಂದ ಎಲ್ಲಿಗೆ ಹೊರಟರೂ ನಮ್ಮತ್ತೆಯದು ಒಂದೇ ಪ್ರಶ್ನೆ: "ಹಂಗಾರ ಆಮಿಗೆ ಯಾರು?" ತವರಿಗೆ ಹೋಗಿ ಎರಡು ರಾತ್ರಿ ನಿಲ್ಲುವುದೂ ತಪ್ಪಿತು.

ಆಮೆಗೂ ನಮ್ಮ ಮನೆ ಸುಲಭದ್ದಾಗಿರಲಿಲ್ಲ. ಮೊಟ್ಟೆಯ ಹೆಸರನ್ನೂ ಎತ್ತದ ಅಡುಗೆಮನೆ ನಮ್ಮದು. ನಮ್ಮತ್ತೆ ಅದಕ್ಕೆ ಅನ್ನದ ಅಗುಳು, ಚಪಾತಿ ಚೂರು, ಹಬ್ಬದ ದಿನ ಹೋಳಿಗೆಯ ಅಂಚು ಹಾಕುತ್ತಿದ್ದರು. ಆಮೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅಂಗಡಿಯವನು ಕೊಟ್ಟ ಡಬ್ಬಿಯ ಕಾಳಿನಂಥ ತಿಂಡಿ ಹಾಕಿದರೆ ಮಾತ್ರ ಕತ್ತು ನೀಡಿ ಗಬಕ್ಕನೆ ನುಂಗುತ್ತಿತ್ತು. ಆ ಡಬ್ಬಿಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಮೀನಿನ ಪುಡಿ ಎಂದು ಬರೆದಿತ್ತು. ನಾನು ಲೇಬಲ್ಲು ಕೆರೆದು ಹಾಕಿ, ಅದು ಗೋಧಿಯದು ಎಂದು ಹೇಳಿದೆ. ಈಗಲೂ ಅದು ಗೋಧಿಯದೇ.

ಇನ್ನು ಜಾಗದ ಮಾತು. ಪಂಡಿತ ಹೇಳಿದ ಉತ್ತರದ ಮೂಲೆ ಎಂದರೆ ದೇವರಮನೆಗೆ ಹತ್ತಿದ ಒಳಕೋಣೆ. ನಮ್ಮದು ಮಣ್ಣು ಮಾಳಿಗೆಯ ಹಳೆಯ ಮನೆ, ಆ ಕೋಣೆಗೆ ಕಿಟಕಿಯೇ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದಕ್ಕೂ ಮಳೆ ಬೀಳಬಾರದೆಂದು ಗಾಜು ಹಾಕಿಸಿದ್ದಾರೆ. ಮಧ್ಯಾಹ್ನ ಅದರಿಂದ ರುಮಾಲಿನಷ್ಟು ಬಿಸಿಲು ನೆಲಕ್ಕೆ ಇಳಿದು, ಮೆಲ್ಲಗೆ ಸರಿಯುತ್ತ ಆಮೆಯ ಪೆಟ್ಟಿಗೆಯನ್ನು ದಾಟಿ ಗೋಡೆ ಹತ್ತುತ್ತಿತ್ತು. ಅದು ಪೆಟ್ಟಿಗೆಗೆ ಬರುವ ಮೊದಲೇ ಆಮೆ ಕಲ್ಲಿನ ಮೇಲೆ ಏರಿ ಕಾಯುತ್ತ ಕೂತಿರುತ್ತಿತ್ತು. ಬೆಳಕು ಬಂದೊಡನೆ ಕತ್ತು ಚಾಚಿ, ಹಿಂಗಾಲುಗಳನ್ನು ಹಿಂದಕ್ಕೆ ನೀಡಿ, ಬೆರಳು ಬೆರಳು ಬಿಡಿಸಿ ಹರಡಿಕೊಳ್ಳುತ್ತಿತ್ತು. ಬಿಸಿಲು ಗಾಜಿನಾಚೆ ಸರಿದ ಮೇಲೂ ಅದರ ಹಿಂದೆ ಹೋಗಲು ಪೆಟ್ಟಿಗೆಯ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿತ್ತು. ಆ ಕೆರೆಯುವ ಸದ್ದು ನನಗೆ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಕೆಲಸ ಮಾಡಲು ಆಗುತ್ತಿರಲಿಲ್ಲ.

ಒಮ್ಮೆ ನೀರು ಬದಲಿಸುವಾಗ ಹಿಡಿದು ನೋಡಿದರೆ ಚಿಪ್ಪಿನ ಅಂಚು ಹಸಿ ಹಪ್ಪಳದ ಹಾಗೆ ಬಾಗಿತು. ಭಯವಾಯಿತು. ಮತ್ತೆ ಓದಿದೆ. ಚಿಪ್ಪು ಆಮೆ ಹೊತ್ತುಕೊಂಡು ತಿರುಗುವ ಮನೆ ಎಂದು ನಾನೂ ಮಕ್ಕಳಿಗೆ ಹೇಳಿದವಳೇ. ಅದು ಸುಳ್ಳು. ಚಿಪ್ಪು ಅದರ ಬೆನ್ನೆಲುಬು, ಪಕ್ಕೆಲುಬು, ಎಲ್ಲ ಕೂಡಿ ಆದದ್ದು. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ಆಮೆ ಚಿಪ್ಪಿನಲ್ಲಿ ಸಿಕ್ಕಿಬಿದ್ದಿರುವುದಿಲ್ಲ, ಅದನ್ನು ಸಿಕ್ಕಿಸಿದ್ದು ನಾವು ತಂದ ಗಾಜು. ಚಿಪ್ಪು ಗಟ್ಟಿಯಾಗಲು ನೇರ ಬಿಸಿಲು ಬೇಕು, ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಆ ಸತ್ವ ಇರುವುದಿಲ್ಲ. ಮೈ ಪೂರ್ತಿ ಒಣಗಿಸಿಕೊಳ್ಳಲು ನೀರಿನ ಹೊರಗೆ ಜಾಗ ಬೇಕು. ನೀರು ಶುದ್ಧವಿರಬೇಕು.

ಅಂದಿನಿಂದ ಮಧ್ಯಾಹ್ನ ನಮ್ಮತ್ತೆ ಊಟ ಮಾಡಿ ಅಡ್ಡಾದ ಮೇಲೆ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮಾಳಿಗೆ ಹತ್ತತೊಡಗಿದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಎರಡು ಬೆರಳಿನಷ್ಟು ನೀರು, ನಡುವೆ ಒಂದು ಇಟ್ಟಿಗೆ, ಬಿಸಿಲು ಹೆಚ್ಚಾದರೆ ಸರಿಯಲು ಒಂದು ಬದಿಗೆ ಗೋಣಿತಟ್ಟಿನ ನೆರಳು. ಆಮೆ ಇಟ್ಟಿಗೆಯ ಮೇಲೆ ಕಾಲು ಚಾಚುತ್ತಿತ್ತು, ನಾನು ನೀರಿನ ಟಾಕಿಯ ನೆರಳಿನಲ್ಲಿ ಕಾಲು ಚಾಚುತ್ತಿದ್ದೆ. ಅಲ್ಲಿಂದ ಸವದತ್ತಿ ಕಡೆ ಹೋಗುವ ಬಸ್ಸುಗಳು ಕಾಣುತ್ತಿದ್ದವು. ನಿಜ ಹೇಳಬೇಕೆಂದರೆ ಆ ಹೊತ್ತು ನನಗೂ ಬೇಕಾಗಿತ್ತು. ಕೆಳಗಿಳಿದು ಕೈಗೆ ಸೋಪು ಹಚ್ಚಿ ತೊಳೆದು ಚಹಾಕ್ಕೆ ಇಡುವಾಗ ನಮ್ಮತ್ತೆ ಏಳುತ್ತಿದ್ದರು.

ಬಿಸಿಲು ಬಿತ್ತು, ಹೊಟ್ಟೆಗೆ 'ಗೋಧಿ' ಬಿತ್ತು, ಚಳಿಗಾಲ ಕಳೆದು ಬೇಸಿಗೆ ನಡುವಾಗುವ ಹೊತ್ತಿಗೆ ಆಮೆ ಕಣ್ಣಿಗೆ ಕಾಣುವಷ್ಟು ಬೆಳೆಯಿತು. ಚಿಪ್ಪು ಬಡಿದರೆ ಟಕಟಕ ಎನ್ನುವಷ್ಟು ಗಟ್ಟಿಯಾಯಿತು. ಅದೇ ಮೇ ತಿಂಗಳ ಕೊನೆಗೆ ಸವದತ್ತಿಯ ಒಂದು ಖಾಸಗಿ ಕಾಲೇಜಿನಿಂದ ಫೋನ್ ಬಂತು. ಇತಿಹಾಸಕ್ಕೆ ಉಪನ್ಯಾಸಕರು ಬೇಕಾಗಿದ್ದಾರೆ, ಸೋಮವಾರ ಸಂದರ್ಶನ, ಬರುತ್ತೀರಾ ಎಂದರು. ಬರುತ್ತೇನೆ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ನಮ್ಮತ್ತೆಗೆ ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ದಿನಾ ಹೋಗಿ ಬರೂದೇನು?"

"ಹೂನ್ರಿ ಅತ್ತಿ. ಮುಂಜಾನೆ ಹೋಗಿ ಸಂಜಿಕ ಬರತೇನ್ರಿ. ಆಮಿ ನೀರು ಬದಲಿಸೇ ಹೋಗತೇನಿ."

"ಹೋಗಿ ಬಾ ಅಲ್ಲಿತನ. ಕೆಲಸ ಕೊಟ್ರ ಮುಂದ ನೋಡೂಣು."

ಅಷ್ಟಾದರೂ ದೊಡ್ಡದೇ. ನಾನು ಕಾಟನ್ ಸೀರೆಯೊಂದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕಪಾಟಿನಲ್ಲಿ ಮೇಲೆ ಇಟ್ಟೆ.

ಗುರುವಾರ ಬೆಳಿಗ್ಗೆ ದೇವರಮನೆಯಿಂದ ನಮ್ಮತ್ತೆಯ ಕೂಗು ಕೇಳಿತು. "ಯವ್ವಾ, ಇಲ್ಲಿ ನೋಡ ಬಾ! ಇದರ ಮೈಯೆಲ್ಲಾ ಸುಲಿಯಾಕತ್ತೈತಿ!"

ಓಡಿ ಹೋಗಿ ನೋಡಿದೆ. ಆಮೆಯ ಬೆನ್ನ ಮೇಲಿನ ಬಿಲ್ಲೆಗಳಲ್ಲಿ ಎರಡು ಮೂರರ ಅಂಚು ಎದ್ದು ನಿಂತಿತ್ತು. ಈರುಳ್ಳಿಯ ಹೊರಸಿಪ್ಪೆಯಂಥ ತೆಳ್ಳನೆಯ ಪದರ, ಅದರಡಿ ಗಾಳಿ ಸೇರಿ ಬೆಳ್ಳಗೆ ಕಾಣುತ್ತಿತ್ತು. ನನಗೆ ಖುಷಿಯಾಯಿತು. ಓದಿದ್ದೆನಲ್ಲ: ಬೆಳೆಯುವ ಆಮೆ ಹಳೆಯ ಬಿಲ್ಲೆಯನ್ನು ಹೀಗೇ ಕಳಚುತ್ತದೆ. ಕೆಟ್ಟ ವಾಸನೆ ಇಲ್ಲದಿದ್ದರೆ, ಅಡಿಯ ಚಿಪ್ಪು ಮೆತ್ತಗಾಗಿರದಿದ್ದರೆ, ರಕ್ತ ಕೀವು ಇಲ್ಲದಿದ್ದರೆ ಅದು ಆರೋಗ್ಯದ ಗುರುತು. ನನ್ನ ಕಳ್ಳ ಬಿಸಿಲಿನ ಫಲ ಅದು.

"ಅತ್ತಿ, ಏನೂ ಆಗಿಲ್ರಿ. ಅದು ಬೆಳಿಯಾಕತ್ತೈತಿ. ಹಳೇದು ಬಿಟ್ಟು ಹೊಸಾದು ಬರತೈತಿ. ಹಾವು ಪೊರಿ ಬಿಡಾಂಗಿಲ್ಲೇನ್ರಿ, ಹಂಗ."

"ದೇವರ ಮುಂದ ಹಾವಿನ ಮಾತು ತಗೀಬ್ಯಾಡ. ನಾ ಕಂಡೇನಿ ಇಂಥಾದ್ದನ್ನ. ಅಮ್ಮ ಬಂದಾಳ."

"ಆಮಿಗೇನ್ರಿ?"

"ಯಾಕ, ಅಕಿಗೆ ಯಾರು ಬ್ಯಾರೆ? ಮೊನ್ನೆ ದನಕ್ಕ ಮೈತುಂಬ ಗಂಟ ಏಳಲಿಲ್ಲೇನು? ಎಷ್ಟ ದನಾ ಹೋದ್ವು ಊರಾಗ. ಆಮೀನೂ ಒಂದು ಜೀವ."

ಹಾಗೆ ಹೇಳುವಾಗ ಅವರ ಮುಖ ನೋಡಿದೆ. ನಮ್ಮತ್ತೆಯ ಕೆನ್ನೆ, ಹಣೆ, ಮೂಗಿನ ತುದಿ ಎಲ್ಲ ಕಡೆ ಸಣ್ಣ ಸಣ್ಣ ಕುಳಿಗಳಿವೆ. ಚಿಕ್ಕವರಿದ್ದಾಗ ಸಿಡುಬು ಎದ್ದಿತ್ತೆಂದು ಮದುವೆಯಾಗಿ ಬಂದಾಗಲೇ ಯಾರೋ ಹೇಳಿದ್ದರು. ಅಷ್ಟು ವರ್ಷದಲ್ಲಿ ಆ ಮುಖದ ಮೇಲೆ ನಾನು ಬರೇ ಸಿಟ್ಟು, ಹಟ ನೋಡಿದ್ದೆ. ಅವತ್ತು ಅದರ ಮೇಲೆ ಇದ್ದದ್ದು ಹೆದರಿಕೆ, ಆದರೆ ಆಗ ನನಗೆ ಅದು ಗೊತ್ತಾಗಲಿಲ್ಲ.

ಹತ್ತು ಗಂಟೆಯೊಳಗೆ ಮುಂಬಾಗಿಲಿಗೆ ಬೇವು ಏರಿತು. ಆಮೆಯ ಪೆಟ್ಟಿಗೆಯಲ್ಲಿ ಬೇವಿನ ಎಲೆ, ನೀರಿಗೆ ಅರಿಶಿನ. ನೀರು ಹಳದಿಯಾಗಿ ಆಮೆ ಕಾಣದಾಯಿತು. ಬೆಳಕಿಂಡಿಯ ಮೇಲೆ ನನ್ನ ಕೈಯಿಂದಲೇ ಗೋಣಿತಟ್ಟು ಹೊದಿಸಿದರು, ಅಮ್ಮನಿಗೆ ಬಿಸಿಲಾಗದು. ಬ್ಯಾಳಿಗೆ ಒಗ್ಗರಣೆ ಇಲ್ಲ, ಹಪ್ಪಳ ಕರಿಯುವುದಿಲ್ಲ, ಬಂದವರನ್ನು ಕಟ್ಟೆಯ ಮೇಲೆಯೇ ಕೂಡಿಸಿ ಕಳಿಸುವುದು. ಆರೈಕೆ ಮಾಡುವವರು ಹೊಸ್ತಿಲು ದಾಟಬಾರದು, ಮಾಳಿಗೆಯನ್ನೂ ಹತ್ತಬಾರದು. ಎಲ್ಲಿಯವರೆಗೆ? ಹಕ್ಕಳೆ ಎಲ್ಲ ಉದುರಬೇಕು. ಉದುರಿದ ಮೇಲೆ ನೀರು ಹಾಕಿ, ಉಡಿ ತುಂಬಿ ಅಮ್ಮನನ್ನು ಕಳಿಸಿಕೊಡಬೇಕು. ಮನುಷ್ಯರದು ಬೇಗ ಉದುರುತ್ತದೆ. ಆಮೆಯದು ಒಂದೊಂದಾಗಿ ವಾರಗಟ್ಟಲೆ ನಡೆಯುತ್ತದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಸಂಜೆ ಗಂಡ ಅಂಗಡಿಯಿಂದ ಬಂದಾಗ ನಾನು ಸುಮ್ಮನಿರಲಿಲ್ಲ.

"ರೀ, ಅವ್ವಗ ಒಂದ ಮಾತು ಹೇಳ್ರಿ. ಸೋಮವಾರ ಸವದತ್ತಿಗೆ ಹೋಗಬೇಕು ನಾ."

"ನಾಕ ದಿನಾ ತಡಿಯಲ್ಲ. ಅವ್ವಗ ಸಮಾಧಾನ ಆಗ್ಲಿ."

"ನಾ ತಡೀತೇನ್ರಿ. ಸೋಮವಾರ ತಡೀತೈತೇನು?"

ಅವರು ಮರುದಿನ ಆಮೆಯ ಫೋಟೋವನ್ನು ದನದ ದವಾಖಾನೆಯ ಡಾಕ್ಟರಿಗೆ ತೋರಿಸಿ ಬಂದರು. ಡಾಕ್ಟರು ಎಮ್ಮೆ, ಆಕಳು, ಕುರಿ ಬಿಟ್ಟರೆ ಆಮೆ ಇದೇ ಮೊದಲು ಎಂದು ನಕ್ಕು, ಬೆಂಗಳೂರಿನ ಗೆಳೆಯನೊಬ್ಬನಿಗೆ ಫೋಟೋ ಕಳಿಸಿ ಕೇಳಿದರಂತೆ. ಬಿಲ್ಲೆ ಬದಲಾಗುತ್ತಿದೆ ಅಷ್ಟೇ, ಕೈಯಿಂದ ಕೀಳಬೇಡಿ, ಎಣ್ಣೆ ಅರಿಶಿನ ಹಚ್ಚಬೇಡಿ, ಬಿಸಿಲಿಗಿಡಿ ಎಂದು ಹೇಳಿ ಕಳಿಸಿದ್ದರು. ನಮ್ಮತ್ತೆ ಎಲ್ಲ ಕೇಳಿಸಿಕೊಂಡರು. "ಡಾಕ್ಟರ್‍ಗೆ ಅಮ್ಮನ ಸುದ್ದಿ ಏನ ಗೊತ್ತು? ಬಿಸಲಿಗೆ ಇಟ್ಟು ಏನರ ಹೆಚ್ಚುಕಮ್ಮಿ ಆದ್ರ ಆ ಡಾಕ್ಟರ್ ಬರತಾನೇನು?" ಎಂದು ಪೆಟ್ಟಿಗೆಗೆ ಇನ್ನಷ್ಟು ಬೇವು ಹಾಕಿದರು. ನಾನು ತಡೆಯದೆ ಮತ್ತೆ ಸವದತ್ತಿಯ ಮಾತು ಎತ್ತಿದೆ. ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಮ್ಮ ಮನ್ಯಾಗ ಕುಂತಾಗ ಅಕಿ ಗುಡ್ಡದ ಕಡೆನ ಹೊಂಟೀಯೇನು? ಧೈರ್ಯ ಹೆಂಗರ ಬರತೈತವಾ ನಿನಗ!"

ಸವದತ್ತಿಯ ಪಕ್ಕದಲ್ಲೇ ಯಲ್ಲಮ್ಮನ ಗುಡ್ಡ ಇರುವುದು ನನ್ನ ತಪ್ಪೇ? ಕಾಲೇಜು ಕಿತ್ತೂರಿನಲ್ಲಿ ಇದ್ದಿದ್ದರೆ ಬಿಡುತ್ತಿದ್ದರೇ? ಇಲ್ಲ. ಆಗ ಬೇರೇನೋ ಸಿಗುತ್ತಿತ್ತು. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಕಾಲಿಗೆ ಸರಪಳಿ ಇರಲಿಲ್ಲ. ಬೇವಿನ ನಾಲ್ಕು ಟೊಂಗೆ ಇದ್ದವು ಅಷ್ಟೇ. ಆದರೆ ನಾನು ಹೊಸ್ತಿಲು ದಾಟಿ ಹೋದ ಮೇಲೆ ಆ ಆಮೆ ಸತ್ತರೆ, ಇಲ್ಲವೇ ಹಾಸ್ಟೆಲಿನಲ್ಲಿರುವ ಮಗಳಿಗೆ ಬರೇ ಜ್ವರ ಬಂದರೂ, ಉಳಿದ ಆಯುಷ್ಯವೆಲ್ಲ ನಾನು ಅದನ್ನೇ ಕೇಳಬೇಕು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಶನಿವಾರ ಕಾಲೇಜಿಗೆ ಫೋನ್ ಮಾಡಿ ದಿನ ಮುಂದೂಡಲು ಆಗುತ್ತದೆಯೇ ಎಂದು ಕೇಳಿದೆ. ಆಫೀಸಿನಲ್ಲಿದ್ದವರು ಒಳ್ಳೆಯ ಮನುಷ್ಯ.

"ಯಾಕ್ರೀ ಮೇಡಂ, ಏನ ಅಡಚಣಿ?"

"ಮನ್ಯಾಗ ಅಮ್ಮ ಬಂದಾಳ್ರಿ."

"ಅಯ್ಯ ಪಾಪ. ಯಾರಿಗ್ರಿ, ಮಕ್ಕಳಿಗೇನ್ರಿ?"

ನಾನು ಫೋನ್ ಕಟ್ ಮಾಡಿದೆ. ಎಂ.ಎ. ಮಾಡಿದ ಹೆಂಗಸು, ಹುಡುಗರಿಗೆ ಇತಿಹಾಸ ಕಲಿಸಲು ಹೊರಟವಳು, ಆಮೆಗೆ ಎಂದು ಹೇಗೆ ಹೇಳಲಿ? ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅತ್ತುಬಿಟ್ಟೆ. ಒಗ್ಗರಣೆ ಇಲ್ಲದ ಬ್ಯಾಳಿ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು.

ರವಿವಾರ ಸಂಜೆ ನಮ್ಮತ್ತೆ ಮಠಕ್ಕೆ ಹೋಗಿದ್ದರು. ಆರೈಕೆ ಮಾಡುವವಳಿಗೆ ಕಟ್ಟು, ಮಾಡಿಸುವವರಿಗಿಲ್ಲ. ನಾನು ಒಳಕೋಣೆಗೆ ಹೋಗಿ ಪೆಟ್ಟಿಗೆಯಲ್ಲಿ ಕೈ ಹಾಕಿ ಆಮೆಯನ್ನು ಎತ್ತಿದೆ. ಕಲ್ಲು ಬೇವಿನಡಿ ಮುಚ್ಚಿಹೋಗಿ, ಮೈ ಒಣಗಲು ಜಾಗವಿಲ್ಲದೆ ಅದು ಲೋಳೆಯಾಗಿತ್ತು. ಬಿಸಿಲಿನಲ್ಲಿ ಇಷ್ಟು ಹೊತ್ತಿಗೆ ಉದುರಬೇಕಾಗಿದ್ದ ಬಿಲ್ಲೆಗಳು ಹಸಿಯಾಗಿ ಹಾಗೇ ಅಂಟಿಕೊಂಡಿದ್ದವು. ಒಂದರ ಅಡಿ ನೀರು ನಿಂತು ಸಣ್ಣ ವಾಸನೆ ಏಳುತ್ತಿತ್ತು. ನಡುಬೆನ್ನಿನ ದೊಡ್ಡ ಬಿಲ್ಲೆಯ ಅಂಚಿನಡಿ ನನ್ನ ಉಗುರು ಹೊಕ್ಕಿತು. ಒಂದು ಸಲ ಎಳೆದರೆ ಬರುತ್ತದೆ ಎನ್ನಿಸಿತು. ಒಂದಾದ ಮೇಲೆ ಒಂದು. ನಮ್ಮತ್ತೆ ಬರುವುದರೊಳಗೆ ಎಲ್ಲ ಕಿತ್ತು ನೆಲದ ಮೇಲೆ ಹರವಿ, ಹಕ್ಕಳೆ ಉದುರಿದವು, ನೀರು ಹಾಕಿಬಿಡೋಣ ಎಂದರೆ ಬೆಳಗಿನ ಬಸ್ಸು ನನ್ನದು.

ಸ್ವಲ್ಪ ಎಳೆದೆ. ಆಮೆ ಬುಸ್ಸೆಂದು ಉಸಿರು ಬಿಟ್ಟು ತಲೆ, ಕಾಲು ಎಲ್ಲ ಒಳಗೆಳೆದುಕೊಂಡಿತು. ಅದರ ಬೆನ್ನು ನನ್ನ ಬೆರಳ ಕೆಳಗೆ ಬಿಗಿಯಾದದ್ದು ತಿಳಿಯಿತು. ಆ ಬಿಲ್ಲೆ ಇನ್ನೂ ಅಡಿಯಲ್ಲಿ ಹಿಡಿದುಕೊಂಡಿತ್ತು. ಕಿತ್ತಿದ್ದರೆ ಅದರೊಂದಿಗೆ ಜೀವವಿರುವ ಪದರವೂ ಬರುತ್ತಿತ್ತು. ನಾನು ಬೆರಳು ತೆಗೆದೆ. ಅದನ್ನು ಮೆತ್ತನೆಯ ಅರಿವೆಯಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡು ಕತ್ತಲಲ್ಲಿ ಕುಳಿತೆ. ನಿನ್ನ ಮೈಯಿಂದ ಕಿತ್ತುಕೊಂಡು ನಾನು ಎಲ್ಲಿಗೆ ಹೋಗಲಿ ಮಾರಾಯಾ ಎಂದು ಗಟ್ಟಿಯಾಗಿಯೇ ಅಂದೆ. ಬಹಳ ಹೊತ್ತಿನ ಮೇಲೆ ಅದು ತಲೆ ಹೊರಗೆ ಹಾಕಿತು.

ಸೋಮವಾರ ಬಂದು ಹೋಯಿತು. ಇಸ್ತ್ರಿ ಮಾಡಿದ ಸೀರೆ ಕಪಾಟಿನಲ್ಲಿಯೇ ಇತ್ತು. ಅಡುಗೆ ಮಾಡಿದೆ, ಪಾತ್ರೆ ತೊಳೆದೆ, ಅರಿಶಿನದ ನೀರು ಚೆಲ್ಲಿ ಬರೇ ನೀರು ತುಂಬಿದೆ. ನಮ್ಮತ್ತೆ ನೋಡಿಯೂ ನೋಡದ ಹಾಗೆ ಮಾಡಿದರು. ಗಂಡ ಎರಡು ಸಲ ಕೆಮ್ಮಿ ಅಂಗಡಿಗೆ ಹೋದರು.

ಬುಧವಾರ ಮುಂಜಾನೆ ನಮ್ಮತ್ತೆ ಸ್ನಾನ ಮಾಡಿ ಆಮೆಗೆ ಭಂಡಾರ ಹಚ್ಚಲು ಹೋದರು. ಭಂಡಾರ ಎಂದರೆ ಯಲ್ಲಮ್ಮನ ಅರಿಶಿನದ ಪುಡಿ. ಹೋದವರು ಹೊರಗೆ ಬರಲಿಲ್ಲ, ಕೂಗಲೂ ಇಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರು ನೆಲದ ಮೇಲೆ ಕೂತಿದ್ದರು. ಅಂಗೈಯಲ್ಲಿ ನಡುಬೆನ್ನಿನ ದೊಡ್ಡ ಬಿಲ್ಲೆ ಇತ್ತು, ಇಡಿಯಾಗಿ, ಹರಿಯದೆ. ಪುಡಿ ಹಚ್ಚುವಾಗ ತಾನಾಗಿ ಕೈಗೆ ಬಂದಿತ್ತು. ಅದನ್ನು ದೀಪಕ್ಕೆ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು, ಗೆರೆಗೆರೆಯ ಚಿತ್ತಾರ ಸಹಿತ. ಇನ್ನೊಂದು ಕೈಯ ಬೆರಳಿನಿಂದ ಅವರು ಆಮೆಯ ಬೆನ್ನಿನ ಮೇಲೆ ಬಿಲ್ಲೆ ಬಿಟ್ಟ ಜಾಗವನ್ನು ಸವರುತ್ತಿದ್ದರು. ಅಲ್ಲಿ ಹೊಸ ಚಿಪ್ಪು ನುಣ್ಣಗೆ ಹಚ್ಚಹಸಿರಾಗಿ ಹೊಳೆಯುತ್ತಿತ್ತು.

"ಕಲಿ ಇಲ್ಲ," ಎಂದರು. ಕಲೆ ಉಳಿದಿಲ್ಲ ಎಂದು.

"ಇರಾಂಗಿಲ್ರಿ ಅತ್ತಿ. ಅದು ಬ್ಯಾನಿ ಅಲ್ಲ."

"ಅಮ್ಮ ಬಂದ್ರ ಕಲಿ ಬಿಟ್ಟ ಹೋಗತಾಳ." ಅವರ ಕೈ ತನ್ನಷ್ಟಕ್ಕೆ ತಮ್ಮ ಕೆನ್ನೆಗೆ ಹೋಯಿತು. ಆಮೇಲೆ, ನನಗಲ್ಲ, ಆಮೆಗೆ ಹೇಳುವ ಹಾಗೆ ಮಾತಾಡಿದರು. "ತೊರಗಲ್ಲದಾಗ ನಮ್ಮಪ್ಪನ ಮನಿ. ನನಗ ಎದ್ದಾಗ ಹಿಂತಾದ ಕತ್ತಲ ಖೋಲ್ಯಾಗ ಹಾಕಿದ್ರು. ಬೇವು ಹಾಸಿ, ಬೇವು ಹೊಚ್ಚಿ. ಕಿಲ್ಲೇದ ಮ್ಯಾಲೆ ಹುಡುಗೂರು ಆಡೂದು ಕೇಳತಿತ್ತು. ಅದ ವರ್ಷ ನಂದು ಮುಲ್ಕಿ ಇತ್ತವಾ. ರಾಮದುರ್ಗಕ್ಕ ಹೋಗಿ ಬರೀಬೇಕಿತ್ತು."

ಮುಲ್ಕಿ ಎಂದರೆ ಆಗಿನ ಕಾಲದ ಏಳನೆಯ ತರಗತಿಯ ಪರೀಕ್ಷೆ. ಅದು ಪಾಸಾದರೆ ಶಿಕ್ಷಕಿಯಾಗಬಹುದಿತ್ತು. ನಮ್ಮತ್ತೆ ಅಷ್ಟು ಓದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ದಿನಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುವವರು, ಎಲ್ಲಿ ಕಲಿತಿರಿ ಎಂದು ನಾನೊಮ್ಮೆಯೂ ಕೇಳಿರಲಿಲ್ಲ.

"ಮುಂದ ಏನಾತ್ರಿ?"

"ಹೊರಗ ಬರೂದ್ರಾಗ ಪರೀಕ್ಷಾ ಮುಗಿದಿತ್ತು. ಈ ಕಲಿ ಬಿದ್ದ ಮಾರಿ ತಗೊಂಡು ಮತ್ತ ಸಾಲಿಗೆ ಯಾಕಂದ್ರು. ಲಗ್ನಾ ಮಾಡಿದ್ರು." ಬಿಲ್ಲೆಯನ್ನು ಹಾಗೂ ಹೀಗೂ ತಿರುಗಿಸಿ ನೋಡಿದರು. "ನಿಂದು ಸವದತ್ತೀದು ಇನ್ನೂ ಐತೇನು?"

"ಮೊನ್ನೆನ ಆಗಿ ಹೋತ್ರಿ."

ನಾನು ಅದನ್ನು ಚುಚ್ಚಲೆಂದೇ ಹೇಳಿದೆ. ಚುಚ್ಚಿತು. ಸೋಮವಾರ ಎನ್ನುವುದನ್ನು ಅವರು ಮರೆತಿರಲಿಲ್ಲ, ಆದರೆ ಸೋಮವಾರ ಹೋದರೆ ಹೋಗಿಯೇಬಿಡುತ್ತದೆ ಎನ್ನುವುದನ್ನು ಮರೆತಿದ್ದರೆಂದು ಕಾಣುತ್ತದೆ. ಎದ್ದು ಹೋಗಿ ಮುಂಬಾಗಿಲಿನ ಬೇವನ್ನು ಎಳೆದು ಕೆಳಗೆ ಹಾಕಿದರು. ಆಮೇಲೆ ತಮ್ಮ ಇಳಕಲ್ ಸೀರೆ ಉಟ್ಟರು. ನೀನೂ ಉಟಗೋ ಎಂದರು. ಹೊರಡುವ ಮೊದಲು ಆಮೆಯನ್ನು ತಾವೇ ಬುಟ್ಟಿಯಲ್ಲಿಟ್ಟು ಮಾಳಿಗೆ ಹತ್ತಿ, ಇಟ್ಟಿಗೆ ಎಲ್ಲಿಡಬೇಕು, ನೆರಳು ಎಷ್ಟು ಬಿಡಬೇಕು ಎಂದು ಕೇಳಿ ಕೇಳಿ ಮಾಡಿದರು. ಬೆಕ್ಕು, ಕಾಗೆ ಮುಟ್ಟದ ಹಾಗೆ ಮೇಲೆ ಜಾಳಿಗೆ ಮುಚ್ಚಿದರು. ಅಲ್ಲಿ ನನ್ನ ಚಾಪೆ, ನನ್ನ ಚಹಾದ ಕಪ್ಪು ಬಿದ್ದಿದ್ದವು. ಅವನ್ನು ನೋಡಿ ಒಂದು ಬದಿಗೆ ಸರಿಸಿಟ್ಟರು. ಕೆಳಗಿಳಿದು, ಅಂಗಡಿಯಿಂದ ಗಂಡನನ್ನು ಕರೆಸಿ ಆಮೆ ಕಾಯಲು ಮಾಳಿಗೆಯ ಮೇಲೆ ಕೂಡಿಸಿ ಬಂದರು. ಗೃಹಿಣಿಯೇ ಆಗಬೇಕೆಂಬ ಮಾತು ಅವತ್ತು ಯಾರಿಗೂ ನೆನಪಾಗಲಿಲ್ಲ.

ಬಸ್ಸಿನ ತುಂಬ ಗುಡ್ಡಕ್ಕೆ ಹೋಗುವವರು, ಹಣೆಯ ತುಂಬ ಭಂಡಾರ. ನಾವಿಬ್ಬರೂ ಸವದತ್ತಿಯ ತನಕ ನಿಂತೇ ಹೋದೆವು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೋಣೆಗೆ ನಮ್ಮತ್ತೆ ನನಗಿಂತ ಮೊದಲು ಹೊಕ್ಕರು. ಕುಂದರ್‍ರಿ ಎಂದರೂ ಕೂಡಲಿಲ್ಲ.

"ನನ್ನ ಸೊಸಿದು ಏನೂ ತಪ್ಪಿಲ್ರಿ ಸಾಹೇಬ್ರ. ನಮ್ಮನಿ ಆಮಿಗೆ ಅಮ್ಮ ಬಂದಾಳಂತ ನಾನ ಇಕಿನ್ನ ಬಿಟ್ಟಿದ್ದಿಲ್ಲ. ಅದು ಅಮ್ಮ ಅಲ್ಲಂತ್ರಿ. ಇಲ್ಲಿ ನೋಡ್ರಿ."

ಸೆರಗಿನ ಗಂಟು ಬಿಚ್ಚಿ ಆ ಬಿಲ್ಲೆಯನ್ನು ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕಕ್ಕೆ ಇಟ್ಟರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಾಗಿತ್ತು. ಪ್ರಿನ್ಸಿಪಾಲರು ಬಿಲ್ಲೆಯನ್ನು ನೋಡಿದರು, ನಮ್ಮತ್ತೆಯ ಮುಖವನ್ನು ನೋಡಿದರು. ನಗಲಿಲ್ಲ. ಅದನ್ನು ಎರಡು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದು, ಬಹಳ ಚಂದ ಐತ್ರಿ ಅಜ್ಜಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನೆಯೇ ಒಬ್ಬರನ್ನು ತೆಗೆದುಕೊಂಡು ಆಗಿದೆ, ಬರುವ ವರ್ಷ ಮತ್ತೆ ಜಾಗ ಬಂದರೆ ಫೋನ್ ಮಾಡಿಸುತ್ತೇನೆ ಎಂದರು. ಇಂಥ ಮಾತಿಗೆ ಎಷ್ಟು ಅರ್ಥವಿರುತ್ತದೆಂದು ನನಗೆ ಗೊತ್ತಿತ್ತು. ನಮಸ್ಕಾರ ಮಾಡಿ ಹೊರಗೆ ಬಂದೆವು.

ಆಮೆಯ ವಿಷಯಕ್ಕೆ ಬಂದರೆ ಅದು ಉಳಿಯಿತು. ನೀರು ನಿಂತಿದ್ದ ಬಿಲ್ಲೆಯ ಅಡಿ ಬೆಳ್ಳಗೆ ಮೆತ್ತಗಾಗಿತ್ತು. ಡಾಕ್ಟರು ಹೇಳಿದಂತೆ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಮುಲಾಮು ಹಚ್ಚಿ, ದಿನದ ಬಹುಪಾಲು ಒಣ ಜಾಗದಲ್ಲಿ ಇಟ್ಟು ನೋಡಿಕೊಂಡೆವು. ಒಂದು ಕಡೆ ಸಣ್ಣ ಕುಳಿ ಉಳಿದಿದೆ. ಅದಕ್ಕೂ ಕಲಿ ಬಿತ್ತಲ್ಲ ಎಂದು ನಮ್ಮತ್ತೆ ಅದನ್ನು ಸವರುತ್ತಿರುತ್ತಾರೆ. ಈಗ ಅದರ ವಾಸ ಮಾಳಿಗೆಯ ಮೇಲೆ ಸಿಮೆಂಟಿನ ತೊಟ್ಟಿಯಲ್ಲಿ. ಉತ್ತರ ದಿಕ್ಕಿಗೆ ಹಿತ್ತಾಳೆಯದೊಂದು ತಂದಿಟ್ಟಿದ್ದೇವೆ, ಅದು ಏನೂ ತಿನ್ನುವುದಿಲ್ಲ.

ಆದರೆ ನಾನು ಮರೆಯದೆ ಇರುವುದು ಅವತ್ತಿನ ಸವದತ್ತಿ ಬಸ್ ಸ್ಟ್ಯಾಂಡು. ಕಲ್ಲಿನ ಬೆಂಚಿನ ಮೇಲೆ ಕೂತಿದ್ದೆವು. ನಾನು ಅಳಬಾರದೆಂದು ಉಗರಗೋಳದ ಕಡೆಯಿಂದ ಬರುವ ಟಂಟಂ ಗಾಡಿಗಳನ್ನು ಎಣಿಸುತ್ತಿದ್ದೆ. ನಮ್ಮತ್ತೆ ಬಿಲ್ಲೆಯನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡರು. ಗಂಟು ಬಹಳ ಹೊತ್ತು ಕೂಡಲಿಲ್ಲ.

"ಮುಂದಿನ ವರ್ಷ ಖರೇನ ಕರೀತಾರೇನು?"

"ಕರೀಬಹುದ್ರಿ. ಗೊತ್ತಿಲ್ಲ."

"ಇವರಲ್ಲಾಂದ್ರ ಮತ್ತೊಬ್ಬರು ಕರೀಲಿ." ಗಂಟು ಕೂತಿತು. ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ನನ್ನ ಮುಖ ನೋಡದೆ ಹೇಳಿದರು. "ಅವತ್ತ ಆಮಿ ಸುಲೀಲಿ, ಮನಿ ಸುಲೀಲಿ, ನಾನ ಸತ್ತ ಬಿದ್ದಿರಲಿ. ನೀ ನನ್ನನ್ನ ದಾಟಿ ಹೋಗು."